ದಿನ ತುಂಬದ ಕೂಸು ಮತ್ತು ಅದರ ಬುದ್ಧಿಯ ಬೆಳವಣಿಗೆ

'ನವಮಾಸ ತುಂಬಿ' ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಒಂಬತ್ತು ತಿಂಗಳು ಒಂಬತ್ತು ದಿನ ತಾಯಿಯ ಗರ್ಭದಲ್ಲಿದ್ದು ಹುಟ್ಟುವುದೇ ಕೂಸಿಗೆ ಕ್ರಮವೆಂದು ನಮ್ಮ ಹಿರಿಯರು ಎಣಿಕೆ ಹಾಕಿದ್ದರು. ಇಂದಿನ ವೈದ್ಯರು ತಿಂಗಳುಗಳಿಗೆ ಬದಲಾಗಿ ವಾರಗಳನ್ನು ಎಣಿಸುತ್ತಾರೆ. ತಾಯಿಯ ಕೊನೆಯ ಮುಟ್ಟಿನ ಮೊದಲ ದಿನದಿಂದ ಲೆಕ್ಕ ಹಿಡಿದರೆ 40 ವಾರಗಳು, ಅಂದರೆ 280 ದಿನಗಳು, ಗರ್ಭದ ಪೂರ್ಣಾವಧಿ. ಹಿರಿಯರ ಎಣಿಕೆಗೂ ವೈದ್ಯರ ಎಣಿಕೆಗೂ ಇರುವ ಅಂತರ ಎರಡು ಮೂರು ದಿನಗಳದ್ದು ಮಾತ್ರ.

37 ವಾರಗಳು ತುಂಬುವುದಕ್ಕೆ ಮೊದಲೇ ಹುಟ್ಟಿದ ಶಿಶುವನ್ನು 'ಅವಧಿಪೂರ್ವ ಶಿಶು' ಎಂದು ಕರೆಯುತ್ತಾರೆ. ನಮ್ಮ ಹಳ್ಳಿಗಳ ಮಾತಿನಲ್ಲಿ ಅದು 'ದಿನ ತುಂಬದ ಕೂಸು'. 2020ನೆಯ ಇಸವಿಯಲ್ಲಿ ಜಗತ್ತಿನಲ್ಲಿ ಇಂತಹ ಸುಮಾರು 1 ಕೋಟಿ 34 ಲಕ್ಷ ಶಿಶುಗಳು ಹುಟ್ಟಿದವೆಂದು ತಜ್ಞರು ಅಂದಾಜು ಮಾಡಿದ್ದಾರೆ. ಅವುಗಳಲ್ಲಿ 30 ಲಕ್ಷದಷ್ಟು ನಮ್ಮ ದೇಶದಲ್ಲಿಯೇ ಹುಟ್ಟಿದವು. ಬೇರೆ ಯಾವ ದೇಶದಲ್ಲಿಯೂ ಈ ಸಂಖ್ಯೆ ಇಷ್ಟು ದೊಡ್ಡದಲ್ಲ.

ಏಳು ತಿಂಗಳಿಗೆ ಹುಟ್ಟಿದ ಕೂಸು ಬದುಕುತ್ತದೆ, ಎಂಟು ತಿಂಗಳಿಗೆ ಹುಟ್ಟಿದ್ದು ಬದುಕುವುದಿಲ್ಲ ಎಂಬ ನಂಬಿಕೆಯೊಂದು ಹಳ್ಳಿಗಳಲ್ಲಿ ಈಗಲೂ ಉಂಟು. ಪ್ರಾಚೀನ ಗ್ರೀಕರಲ್ಲಿಯೂ ಇದೇ ನಂಬಿಕೆಯಿತ್ತು. ಇದರಲ್ಲಿ ಸತ್ಯಾಂಶವಿಲ್ಲ. ಗರ್ಭದಲ್ಲಿ ಕಳೆದ ಒಂದೊಂದು ವಾರವೂ ಶಿಶುವಿನ ಬಲವನ್ನು ಹೆಚ್ಚಿಸುತ್ತದೆ. ಎಂಟು ತಿಂಗಳ ಕೂಸು ಏಳು ತಿಂಗಳ ಕೂಸಿಗಿಂತ ಗಟ್ಟಿಯಾಗಿಯೇ ಇರುತ್ತದೆ.

ಹಿಂದೆ ಇಂತಹ ಕೂಸುಗಳ ವಿಷಯದಲ್ಲಿ ಇದ್ದ ಪ್ರಶ್ನೆ ಒಂದೇ: ಉಳಿಯುವುದೋ ಇಲ್ಲವೋ? ಇಂದು ಉಳಿಯುವ ಕೂಸುಗಳ ಸಂಖ್ಯೆ ಹೆಚ್ಚಿದೆ. ಆದಕಾರಣ ಎರಡನೆಯ ಪ್ರಶ್ನೆಯೊಂದು ಎದ್ದಿದೆ. ಉಳಿದ ಕೂಸು ಮುಂದೆ ಹೇಗೆ ಬೆಳೆಯುತ್ತದೆ? ಅದು ಸಕಾಲದಲ್ಲಿ ಮಾತು ಕಲಿಯುವುದೇ? ಶಾಲೆಯಲ್ಲಿ ಲೆಕ್ಕ ಮಾಡುವುದೇ? ಓರಗೆಯವರೊಡನೆ ಬೆರೆಯುವುದೇ? ಈ ಪ್ರಶ್ನೆಗಳಿಗೆ ವಿಜ್ಞಾನವು ಇದುವರೆಗೆ ಕಂಡುಕೊಂಡ ಉತ್ತರಗಳನ್ನೂ, ಕೊಪ್ಪಳ ಜಿಲ್ಲೆಯಲ್ಲಿ ನಡೆದ ಒಂದು ಪ್ರಯತ್ನವನ್ನೂ ಈ ಲೇಖನದಲ್ಲಿ ಪರಿಶೀಲಿಸೋಣ.

ಗರ್ಭದ ಕೊನೆಯ ವಾರಗಳಲ್ಲಿ ಮೆದುಳು

ಮೆದುಳಿನ ನರಕೋಶಗಳಲ್ಲಿ ಬಹುಪಾಲು 24ನೆಯ ವಾರದ ಹೊತ್ತಿಗೆ ಹುಟ್ಟಿ ತಮ್ಮ ತಮ್ಮ ಸ್ಥಾನಗಳನ್ನು ಸೇರಿಕೊಂಡಿರುತ್ತವೆ. ಆದರೆ ಆಗಿನ ಮೆದುಳನ್ನು ನೋಡಿದರೆ ಅದರ ಮೇಲ್ಮೈ ಹೆಚ್ಚು ಕಡಮೆ ನುಣುಪಾಗಿಯೇ ಕಾಣುತ್ತದೆ. ನಾವು ಚಿತ್ರಗಳಲ್ಲಿ ಕಾಣುವ ಅಕ್ರೋಟಿನ ತಿರುಳಿನಂತಹ ಮಡಿಕೆಗಳೆಲ್ಲ ಬಹುಮಟ್ಟಿಗೆ ಕೊನೆಯ ಮೂರು ತಿಂಗಳಲ್ಲಿ ಮೂಡುತ್ತವೆ. 34ನೆಯ ವಾರದಲ್ಲಿ ಸಹ ಮೆದುಳಿನ ತೂಕ ಪೂರ್ಣಾವಧಿಯ ತೂಕದಲ್ಲಿ ಮೂರನೆಯ ಎರಡು ಪಾಲಿನಷ್ಟೇ ಇರುತ್ತದೆ. ಉಳಿದ ಒಂದು ಪಾಲು ಕೇವಲ ಆರು ವಾರಗಳಲ್ಲಿ ಬೆಳೆಯಬೇಕು.

ಈ ವಾರಗಳಲ್ಲಿ ನಡೆಯುವ ಮುಖ್ಯ ಕೆಲಸ ನರಕೋಶಗಳನ್ನು ಒಂದಕ್ಕೊಂದು ಜೋಡಿಸುವುದು. ಹೊಸ ಊರಿನಲ್ಲಿ ಮನೆಗಳನ್ನು ಕಟ್ಟಿ ಮುಗಿಸಿದ ಮೇಲೆ ವಿದ್ಯುತ್ ತಂತಿಗಳನ್ನು ಎಳೆಯುವುದಿಲ್ಲವೇ? ಹಾಗೆಯೇ ಒಂದು ನರಕೋಶದಿಂದ ಇನ್ನೊಂದಕ್ಕೆ ಎಳೆಗಳು ಚಾಚಿಕೊಳ್ಳುತ್ತವೆ. ತಂತಿಗೆ ರಬ್ಬರಿನ ಹೊದಿಕೆಯಿದ್ದಂತೆ ಈ ಎಳೆಗಳಿಗೂ ಕೊಬ್ಬಿನಂತಹ ವಸ್ತುವಿನ ಹೊದಿಕೆಯೊಂದು ಬರುತ್ತದೆ. ಈ ಹೊದಿಕೆಯಿದ್ದರೆ ಸುದ್ದಿಯು ಮೆದುಳಿನ ಒಂದು ಭಾಗದಿಂದ ಇನ್ನೊಂದಕ್ಕೆ ವೇಗವಾಗಿ ಹರಿಯುತ್ತದೆ. ಹೊದಿಕೆಯನ್ನು ಕಟ್ಟಬೇಕಾದ ಎಳೆಯ ಕೋಶಗಳು 23ರಿಂದ 32ನೆಯ ವಾರದವರೆಗೆ ಬಹಳ ನಾಜೂಕಾಗಿರುತ್ತವೆ. ಆಮ್ಲಜನಕದ ಕೊರತೆಯಾಗಲಿ ಸೋಂಕಾಗಲಿ ಉಂಟಾದರೆ ಮೊದಲು ನೋಯುವವು ಇವೇ.

ಬೇಗನೆ ಹುಟ್ಟಿದ ಶಿಶುವಿನ ಮೆದುಳಿಗೆ ಈ ಕೆಲಸವನ್ನು ಗರ್ಭದ ಕತ್ತಲೆ, ಬೆಚ್ಚಗಿನ ನೀರು, ತಾಯಿಯ ಎದೆಬಡಿತದ ಸದ್ದು ಇವುಗಳ ನಡುವೆ ಮುಗಿಸುವ ಅವಕಾಶವಿಲ್ಲ. ಆಸ್ಪತ್ರೆಯ ದೀಪದ ಬೆಳಕು, ಯಂತ್ರಗಳ ಸದ್ದು, ಸೂಜಿಯ ನೋವು ಇವುಗಳ ನಡುವೆ ಅದು ನಡೆಯಬೇಕು. ಮೆದುಳು ಬೆಳೆಯುವುದು ನಿಲ್ಲುವುದಿಲ್ಲ. ಆದರೆ ಬೆಳೆಯುವ ಪರಿಸರ ಬೇರೆಯಾದುದರಿಂದ ಬೆಳವಣಿಗೆಯ ದಾರಿಯೂ ತುಸು ಬೇರೆಯಾಗುತ್ತದೆ.

ದೀರ್ಘಕಾಲದ ಅಧ್ಯಯನಗಳು ಹೇಳುವುದೇನು?

ಇಂತಹ ಮಕ್ಕಳನ್ನು ಹುಟ್ಟಿದಂದಿನಿಂದ ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನಗಳು ಹಲವು ದೇಶಗಳಲ್ಲಿ ನಡೆದಿವೆ. ಜರ್ಮನಿಯ ಬವೇರಿಯಾದಲ್ಲಿ 1985-86ರಲ್ಲಿ ಹುಟ್ಟಿದ ಮಕ್ಕಳನ್ನೂ, ಬ್ರಿಟನ್ ಮತ್ತು ಐರ್ಲೆಂಡುಗಳಲ್ಲಿ 1995ರಲ್ಲಿ ಹುಟ್ಟಿದ ಮಕ್ಕಳನ್ನೂ ಅವರು ದೊಡ್ಡವರಾಗುವವರೆಗೆ ಪರೀಕ್ಷಿಸಿದ್ದಾರೆ. ನಮ್ಮ ದೇಶದಲ್ಲಿ ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಸುಧಾ ಚೌಧರಿ ಮತ್ತು ಅವರ ಸಂಗಡಿಗರು 1987ರಿಂದ 1989ರವರೆಗೆ ಹುಟ್ಟಿದ, 2,000 ಗ್ರಾಮಿಗಿಂತ ಕಡಮೆ ತೂಕದ ಶಿಶುಗಳನ್ನು ಹೀಗೆಯೇ ಹಿಂಬಾಲಿಸಿದರು. ಹನ್ನೆರಡನೆಯ ವಯಸ್ಸಿನಲ್ಲಿ ಈ ಮಕ್ಕಳ ಬುದ್ಧಿಸೂಚ್ಯಂಕದ ಸರಾಸರಿ ಸುಮಾರು 90 ಇದ್ದಿತು. ಸರಿಯಾದ ತೂಕದಿಂದ ಹುಟ್ಟಿದ ಮಕ್ಕಳದು ಸುಮಾರು 97. ದಿನವೂ ತುಂಬದೆ, ಆ ದಿನಕ್ಕೆ ಇರಬೇಕಾದ ತೂಕವೂ ಇಲ್ಲದೆ ಹುಟ್ಟಿದವರು ಎಲ್ಲರಿಗಿಂತ ಹಿಂದುಳಿದಿದ್ದರು.

32 ವಾರಗಳಿಗಿಂತ ಮೊದಲು ಹುಟ್ಟಿದವರನ್ನಷ್ಟೇ ತೆಗೆದುಕೊಂಡರೆ, ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಅಂತರ 12 ಅಂಕಗಳಷ್ಟು ಕಂಡುಬಂದಿದೆ. 34-36 ವಾರಗಳಿಗೆ ಹುಟ್ಟಿದವರಲ್ಲಿ ಅಂತರ ಬಹಳ ಚಿಕ್ಕದು.

ಇಲ್ಲಿ ವಾಚಕರು ಒಂದು ವಿಷಯವನ್ನು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಇವೆಲ್ಲ ಸರಾಸರಿಗಳು. ಒಂದು ಊರಿನ ಹುಡುಗರ ಸರಾಸರಿ ಎತ್ತರ ಇನ್ನೊಂದು ಊರಿನವರದಕ್ಕಿಂತ ಎರಡು ಅಂಗುಲ ಕಡಮೆಯಿದ್ದರೆ, ಮೊದಲನೆಯ ಊರಿನಲ್ಲಿ ಎತ್ತರದ ಹುಡುಗರೇ ಇಲ್ಲವೆಂದು ಅರ್ಥವೇ? ದಿನ ತುಂಬದೆ ಹುಟ್ಟಿದ ಮಕ್ಕಳಲ್ಲಿ ಹೆಚ್ಚಿನವರು ಎಲ್ಲರಂತೆ ಶಾಲೆಗೆ ಹೋಗಿ ಕಲಿಯುತ್ತಾರೆ; ಕೆಲವರು ತರಗತಿಗೇ ಮೊದಲಿಗರಾಗುತ್ತಾರೆ. ಸರಾಸರಿಯು ತಿಳಿಸುವುದು ಇಷ್ಟೇ: ತೊಂದರೆ ಬರುವ ಸಂಭವ ಇವರಲ್ಲಿ ಹೆಚ್ಚು, ಆದುದರಿಂದ ಇವರ ಮೇಲೆ ನಮ್ಮ ಕಣ್ಣು ಇರಬೇಕು.

ಯಾವ ಬಗೆಯ ತೊಂದರೆ? ಕೇಳಿದ್ದನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಅದರ ಮೇಲೆ ಕೆಲಸ ಮಾಡುವುದು ಕಷ್ಟವಾಗಬಹುದು. ಮೂರು ಹಂತಗಳ ಲೆಕ್ಕದಲ್ಲಿ ಎರಡನೆಯ ಹಂತಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತುಹೋಗುತ್ತದೆ. ಗಮನ ಬೇಗನೆ ಜಾರುತ್ತದೆ. ಉತ್ತರ ತಿಳಿದಿದ್ದರೂ ಹೇಳಲು ತುಸು ಹೆಚ್ಚು ಹೊತ್ತು ಬೇಕಾಗುತ್ತದೆ. ಗಣಿತದಲ್ಲಿ ಈ ತೊಡಕು ಇತರ ವಿಷಯಗಳಿಗಿಂತ ಹೆಚ್ಚಾಗಿ ತೋರುತ್ತದೆ.

ಸಾಮಾಜಿಕ ಬೆಳವಣಿಗೆಯಲ್ಲಿಯೂ ಒಂದು ವಿಶಿಷ್ಟ ಲಕ್ಷಣ ಕಂಡುಬಂದಿದೆ. ತುಂಬಾ ಬೇಗನೆ ಹುಟ್ಟಿದ ಮಕ್ಕಳು ತುಂಟರಾಗುವುದಕ್ಕಿಂತ ಸಂಕೋಚದವರಾಗುವುದೇ ಹೆಚ್ಚು. ಇವರು ಜಗಳಗಂಟರಲ್ಲ; ಅಂಜುಬುರುಕರು. ಗುಂಪಿನ ಆಟದಲ್ಲಿ ಇವರು ಅಂಚಿನಲ್ಲಿ ನಿಲ್ಲುತ್ತಾರೆ. ಎದುರಿಗಿರುವವರ ಮುಖಭಾವವನ್ನು, ಮಾತಿನ ಹಿಂದಿನ ಇಂಗಿತವನ್ನು ಗ್ರಹಿಸಲು ಇವರಿಗೆ ಕೆಲವು ವೇಳೆ ಕಷ್ಟವಾಗುತ್ತದೆ. ಇಂತಹ ಮಗು ಯಾರಿಗೂ ಉಪದ್ರವ ಕೊಡುವುದಿಲ್ಲ. ಆದಕಾರಣವೇ ಇದರ ತೊಂದರೆ ಯಾರ ಗಮನಕ್ಕೂ ಬಾರದೆ ಹೋಗುವ ಸಂಭವವುಂಟು.

ಕೊಪ್ಪಳದಲ್ಲಿ ನಡೆದ ಪ್ರಯತ್ನ

ಕೊಪ್ಪಳ ಜಿಲ್ಲೆಯು 1997ರಲ್ಲಿ ರಾಯಚೂರು ಜಿಲ್ಲೆಯಿಂದ ಬೇರೆಯಾಗಿ ರೂಪುಗೊಂಡಿತು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಇವು ಮೂಲದ ನಾಲ್ಕು ತಾಲ್ಲೂಕುಗಳು. ಆ ಬಳಿಕ ಕಾರಟಗಿ, ಕನಕಗಿರಿ, ಕುಕನೂರುಗಳೂ ತಾಲ್ಲೂಕುಗಳಾದವು. ತುಂಗಭದ್ರೆಯ ಕಾಲುವೆ ಹರಿದ ಗಂಗಾವತಿಯ ಕಡೆ ಬತ್ತದ ಗದ್ದೆಗಳು. ಕುಷ್ಟಗಿ, ಯಲಬುರ್ಗಾಗಳ ಕಡೆ ಮಳೆಯನ್ನೇ ನಂಬಿದ ಜೋಳ, ಸಜ್ಜೆಯ ಹೊಲಗಳು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ ಸುಮಾರು 13 ಲಕ್ಷ 90 ಸಾವಿರ. ಅದರಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಜನ ಹಳ್ಳಿಗಳವರು. ಬಾಣಂತಿ ಮತ್ತು ಶಿಶುಗಳ ಆರೋಗ್ಯದಲ್ಲಿ ರಾಜ್ಯದ ಇತರ ಭಾಗಗಳಿಗಿಂತ ಹಿಂದುಳಿದ ಉತ್ತರದ ಜಿಲ್ಲೆಗಳಲ್ಲಿ ಇದೂ ಒಂದೆಂದು ಎಣಿಸಲ್ಪಟ್ಟಿದೆ.

2010ರ ದಶಕದ ಕೊನೆಯ ವರ್ಷಗಳಲ್ಲಿ ಈ ಜಿಲ್ಲೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನ ಒಂದು ಸಂಶೋಧನೆಗೆ ಆರಿಸಿಕೊಂಡರು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ, ಕರ್ನಾಟಕ ಹೆಲ್ತ್ ಪ್ರೊಮೋಷನ್ ಟ್ರಸ್ಟ್, ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾನಿಲಯ ಇವು ರಾಜ್ಯ ಸರಕಾರದ ಆರೋಗ್ಯ ಇಲಾಖೆಯೊಡನೆ ಕೂಡಿ ಅದನ್ನು ನಡೆಸಿದವು. ಭಾರತದಲ್ಲಿ ಹರಿಯಾಣ, ಉತ್ತರ ಪ್ರದೇಶಗಳಲ್ಲಿಯೂ, ಆಫ್ರಿಕದ ಇಥಿಯೋಪಿಯದಲ್ಲಿಯೂ ಇದೇ ಪ್ರಯತ್ನ ಏಕಕಾಲಕ್ಕೆ ನಡೆಯಿತು. ಅದರ ವಿಷಯ 'ಕಾಂಗರೂ ತಾಯಿ ಆರೈಕೆ'.

ಹೆಸರು ವಿಚಿತ್ರವಾದರೂ ವಿಧಾನ ಸರಳ. ಆಸ್ಟ್ರೇಲಿಯದ ಕಾಂಗರೂ ತನ್ನ ಎಳೆಯ ಮರಿಯನ್ನು ಹೊಟ್ಟೆಯ ಚೀಲದಲ್ಲಿಟ್ಟುಕೊಂಡು ಬೆಳೆಸುವಂತೆ, ತಾಯಿಯು ಕೂಸನ್ನು ಬರಿಮೈಯಲ್ಲಿ ತನ್ನ ಎದೆಗೆ ನೆಟ್ಟಗೆ ಆನಿಸಿಕೊಂಡು ಮೇಲೆ ಬಟ್ಟೆ ಸುತ್ತಿಕೊಳ್ಳುತ್ತಾಳೆ. ಕೂಸಿಗೆ ಟೊಪ್ಪಿಗೆ ಮತ್ತು ಲಂಗೋಟಿ ಮಾತ್ರ. ಆಹಾರವೆಂದರೆ ಎದೆಹಾಲೊಂದೇ. 1978ರಲ್ಲಿ ದಕ್ಷಿಣ ಅಮೆರಿಕದ ಕೊಲಂಬಿಯ ದೇಶದ ಬೊಗೊಟಾ ನಗರದಲ್ಲಿ ಡಾ. ಎಡ್ಗರ್ ರೇ ಸನಾಬ್ರಿಯಾ ಇದನ್ನು ಆರಂಭಿಸಿದರು, ಡಾ. ಹೆಕ್ಟರ್ ಮಾರ್ಟಿನೆಸ್ ಅವರೊಡನೆ ಸೇರಿ ಇದನ್ನು ಮುಂದುವರಿಸಿದರು. ಅವರ ಆಸ್ಪತ್ರೆಯಲ್ಲಿ ಶಿಶುಗಳನ್ನು ಬೆಚ್ಚಗಿಡುವ ಯಂತ್ರಗಳು ಸಾಲದೆ, ಒಂದೊಂದರಲ್ಲಿ ಎರಡು ಮೂರು ಕೂಸುಗಳನ್ನು ಮಲಗಿಸಿ ಸೋಂಕು ಹರಡುತ್ತಿದ್ದುದೇ ಇದಕ್ಕೆ ಪ್ರೇರಣೆ.

ಚಿಕ್ಕ ಕೂಸಿಗೆ ತಾಯಿಯ ಮೈಶಾಖ ಏಕೆ ಅಷ್ಟು ಮುಖ್ಯ? ಇದನ್ನು ಪ್ರೌಢಶಾಲೆಯ ಗಣಿತದಿಂದಲೇ ತಿಳಿಯಬಹುದು. ಪ್ರತಿ ಬದಿ 2 ಅಂಗುಲದ ಒಂದು ಬೆಲ್ಲದ ಘನವನ್ನು ಊಹಿಸಿಕೊಳ್ಳಿರಿ. ಅದರ ಮೇಲ್ಮೈ 24 ಚದರ ಅಂಗುಲ, ಗಾತ್ರ 8 ಘನ ಅಂಗುಲ. ಗಾತ್ರಕ್ಕೆ ಮೇಲ್ಮೈ ಮೂರರಷ್ಟು. ಬದಿಯನ್ನು 1 ಅಂಗುಲಕ್ಕೆ ಇಳಿಸಿದರೆ ಮೇಲ್ಮೈ 6, ಗಾತ್ರ 1. ಈಗ ಮೇಲ್ಮೈ ಆರರಷ್ಟಾಯಿತು. ವಸ್ತು ಚಿಕ್ಕದಾದಂತೆ ಶಾಖವನ್ನು ಕಳೆದುಕೊಳ್ಳುವ ಮೇಲ್ಮೈ ಹೆಚ್ಚುತ್ತದೆ. ದಿನ ತುಂಬದ ಕೂಸಿಗೆ ಚರ್ಮದ ಅಡಿಯಲ್ಲಿ ಕೊಬ್ಬೂ ಕಡಮೆ. ಕುಡಿದ ಹಾಲಿನ ಶಕ್ತಿಯೆಲ್ಲ ಮೈಯನ್ನು ಬೆಚ್ಚಗಿಡುವುದಕ್ಕೇ ಖರ್ಚಾದರೆ ಮೈ ಬೆಳೆಯುವುದಕ್ಕೆ, ಮೆದುಳು ಬೆಳೆಯುವುದಕ್ಕೆ ಉಳಿಯುವುದೇನು?

ಈ ಆರೈಕೆಯಿಂದ ಪ್ರಾಣ ಉಳಿಯುತ್ತದೆಂಬುದರಲ್ಲಿ ಈಗ ಸಂದೇಹವಿಲ್ಲ. ಹರಿಯಾಣದಲ್ಲಿ 8,402 ಶಿಶುಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೊದಲ 28 ದಿನಗಳ ಮರಣ ಶೇಕಡಾ 30ರಷ್ಟು ಇಳಿಯಿತು. ದೆಹಲಿಯೂ ಸೇರಿ ಐದು ದೇಶಗಳ ಆಸ್ಪತ್ರೆಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ, ಹುಟ್ಟಿದೊಡನೆಯೇ ಈ ಆರೈಕೆ ಪಡೆದವರಲ್ಲಿ ಶೇಕಡಾ 12 ಶಿಶುಗಳು ತೀರಿಕೊಂಡರೆ, ತಡವಾಗಿ ಪಡೆದವರಲ್ಲಿ ಶೇಕಡಾ 15.7 ತೀರಿಕೊಂಡವು. 2022ರ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಬೇಗನೆ ಹುಟ್ಟಿದ ಅಥವಾ ಕಡಮೆ ತೂಕದ ಎಲ್ಲ ಶಿಶುಗಳಿಗೂ ದಿನಕ್ಕೆ 8ರಿಂದ 24 ಗಂಟೆಗಳ ಕಾಲ ಇದನ್ನು ಕೊಡಬೇಕೆಂದು ಸಲಹೆ ಮಾಡಿತು.

ಬುದ್ಧಿಯ ಬೆಳವಣಿಗೆಗೂ ಇದರಿಂದ ಪ್ರಯೋಜನವಿದೆಯೇ? ಈ ಪ್ರಶ್ನೆಗೆ ಉತ್ತರ ಅಷ್ಟು ನೇರವಾಗಿಲ್ಲ. ಬೊಗೊಟಾದಲ್ಲಿ 1993ರಿಂದ 1996ರವರೆಗೆ ಪ್ರಯೋಗಕ್ಕೆ ಒಳಗಾದ ಶಿಶುಗಳನ್ನು ಇಪ್ಪತ್ತು ವರ್ಷಗಳ ಅನಂತರ ಪುನಃ ಪರೀಕ್ಷಿಸಿದರು. ತಾಯಿಯ ಎದೆಯ ಮೇಲೆ ಬೆಳೆದವರು ಶಾಲೆಗೆ ತಪ್ಪಿಸಿಕೊಂಡದ್ದು ಕಡಮೆ. ಸಿಟ್ಟು, ಚಂಚಲತೆಗಳೂ ಕಡಮೆ. ಬುದ್ಧಿಸೂಚ್ಯಂಕದಲ್ಲಿ ಲಾಭ ಕಂಡದ್ದು ಹುಟ್ಟುವಾಗ ತೀರ ದುರ್ಬಲರಾಗಿದ್ದವರಲ್ಲಿ ಮಾತ್ರ, ಅದೂ ಸ್ವಲ್ಪ. ಇಸ್ರೇಲಿನ ರೂತ್ ಫೆಲ್ಡ್‌ಮನ್ ಮತ್ತು ಸಂಗಡಿಗರು 73 ಶಿಶುಗಳಿಗೆ ಹದಿನಾಲ್ಕು ದಿನ, ದಿನಕ್ಕೆ ಒಂದೇ ಗಂಟೆಯಂತೆ ಇದನ್ನು ಕೊಟ್ಟು, ಇಂತಹುದೇ ಬೇರೆ 73 ಶಿಶುಗಳೊಡನೆ ಹತ್ತು ವರ್ಷಗಳವರೆಗೆ ಹೋಲಿಸಿದರು. ಮೊದಲನೆಯ ಗುಂಪಿನ ಮಕ್ಕಳ ನಿದ್ರೆ ಕ್ರಮವಾಗಿತ್ತು, ಮನಸ್ಸಿನ ಹತೋಟಿ ಮೇಲಾಗಿತ್ತು, ತಾಯಿಮಕ್ಕಳ ಒಡನಾಟ ಸಹಜವಾಗಿತ್ತು. ಆದರೆ ಹರಿಯಾಣದ ಪ್ರಯೋಗದ ಮಕ್ಕಳನ್ನು ಒಂದು ವರ್ಷದ ವಯಸ್ಸಿನಲ್ಲಿ ಪರೀಕ್ಷಿಸಿದಾಗ ಎರಡು ಗುಂಪುಗಳ ಬುದ್ಧಿ, ಮಾತು, ಚಲನೆಗಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆದುದರಿಂದ ಕಾಂಗರೂ ಆರೈಕೆಯನ್ನು ಬುದ್ಧಿ ಹೆಚ್ಚಿಸುವ ಔಷಧವೆಂದು ಭಾವಿಸಬಾರದು. ಅದು ಪ್ರಾಣವನ್ನು ಕಾಯುತ್ತದೆ. ತಾಯಿ ಮತ್ತು ಕೂಸು ಒಬ್ಬರನ್ನೊಬ್ಬರು ಅರಿಯಲು ಆರಂಭ ಮಾಡಿಕೊಡುತ್ತದೆ. ಅಲ್ಲಿಂದ ಮುಂದಿನ ಕೆಲಸ ಮನೆಯದು.

ಮನೆಗೆ ಬಂದ ಮೇಲೆ

ಕೊಪ್ಪಳದ ಪ್ರಯತ್ನದಿಂದ ನಾವು ಕಲಿಯಬೇಕಾದ ಪಾಠ ಇರುವುದು ಇಲ್ಲಿಯೇ. 2021ರಲ್ಲಿ ಪ್ರಕಟವಾದ ಫಲಿತಾಂಶಗಳ ಪ್ರಕಾರ ಭಾರತದ ಕೇಂದ್ರಗಳಲ್ಲಿ 2,000 ಗ್ರಾಮಿಗಿಂತ ಕಡಮೆ ತೂಕದ ನೂರು ಶಿಶುಗಳಲ್ಲಿ 87ಕ್ಕೆ ಈ ಆರೈಕೆ ಆರಂಭವಾಯಿತು. ಆಸ್ಪತ್ರೆ ಬಿಡುವ ಹೊತ್ತಿಗೂ ಹೆಚ್ಚಿನ ಶಿಶುಗಳಿಗೆ ಅದು ದೊರೆಯುತ್ತಿತ್ತು. ಸರಕಾರಿ ಆಸ್ಪತ್ರೆಗಳ ಮೂಲಕ ಇಷ್ಟು ಜನರಿಗೆ ಒಂದು ಹೊಸ ಪದ್ಧತಿಯನ್ನು ಮುಟ್ಟಿಸಿದ್ದು ಸಣ್ಣ ಸಾಧನೆಯಲ್ಲ. ಆದರೆ ಮನೆಗೆ ಹೋದ ಏಳು ದಿನಗಳ ಅನಂತರ ನೋಡಿದಾಗ ಕರ್ನಾಟಕದ ಕೇಂದ್ರದಲ್ಲಿ ಅದನ್ನು ಪಡೆಯುತ್ತಿದ್ದವು ನೂರಕ್ಕೆ 36 ಶಿಶುಗಳು ಮಾತ್ರ.

ಆಸ್ಪತ್ರೆಯಲ್ಲಿ ದಾದಿಯರಿದ್ದರು, ಕುರ್ಚಿಯಿತ್ತು, ಹೊತ್ತಿತ್ತು. ಮನೆಯಲ್ಲಿ ಏನಿದೆ? ಚಿಕ್ಕ ಮನೆ, ಬೇಸಗೆಯ ಧಗೆ, ಬಂದು ಹೋಗುವ ನೆಂಟರು, ಹಿರಿಯ ಮಗುವಿನ ಹಟ, ನೀರು, ರೊಟ್ಟಿ, ಹೊಲದ ಕೆಲಸ. 'ಎಂಟು ತಾಸು ಕೂಸನ್ನ ಎದಿ ಮ್ಯಾಲೆ ಕಟ್ಟಿಕೊಂಡು ಕುಂತ್ರ ಮನಿ ಕೆಲಸ ಯಾರು ಮಾಡಬೇಕವ್ವಾ?' ಎಂದು ಅತ್ತೆಯಾದವಳು ಕೇಳಿದರೆ, ಆ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ಸೊಸೆಯೊಬ್ಬಳೇ ಅಲ್ಲ, ಇಡೀ ಮನೆ. ಕೂಸನ್ನು ತಾಯಿಯೇ ಎದೆಗೆ ಕಟ್ಟಿಕೊಳ್ಳಬೇಕೆಂಬ ನಿಯಮವೂ ಇಲ್ಲ. ತಂದೆ, ಅಜ್ಜಿ, ಚಿಕ್ಕಮ್ಮ, ಯಾರ ಮೈಶಾಖವಾದರೂ ಕೂಸಿಗೆ ಆದೀತು. ಮೈ ತೊಳೆದು ಶುಚಿಯಾಗಿರಬೇಕು, ನೆಗಡಿ ಕೆಮ್ಮು ಇರಬಾರದು, ಅಷ್ಟೆ. ಬಾಣಂತಿಯನ್ನು ನಲವತ್ತು ದಿನ ಕೆಲಸಕ್ಕೆ ಹಚ್ಚದೆ ಬೆಚ್ಚಗೆ ಇರಿಸುವ ಬಾಣಂತನದ ಪದ್ಧತಿ ನಮ್ಮಲ್ಲಿ ಮೊದಲೇ ಇದೆ. ಕೂಸನ್ನು ತೊಟ್ಟಿಲಿಗೆ ಬದಲು ಎದೆಯ ಮೇಲೆ ಮಲಗಿಸಿಕೊಳ್ಳುವುದನ್ನು ಆ ಪದ್ಧತಿಗೆ ಸೇರಿಸಿದರೆ ಸಾಕು. ಬಾಣಂತಿಯ ಕೋಣೆಯಲ್ಲಿ ಹೊಗೆ ಹಾಕುವ ರೂಢಿಯನ್ನು ಮಾತ್ರ ಬಿಡಬೇಕು. ಬಲಿಯದ ಶ್ವಾಸಕೋಶಗಳಿಗೆ ಹೊಗೆ ವಿಷವೇ ಸರಿ.

ಇದಕ್ಕೆ ನೆರವಾಗಲು ಊರಿನ ಆಶಾ ಕಾರ್ಯಕರ್ತೆ ಇದ್ದಾಳೆ. 2011ರಿಂದ ಜಾರಿಯಲ್ಲಿರುವ ಯೋಜನೆಯಂತೆ, ಆಸ್ಪತ್ರೆಯಲ್ಲಿ ಹುಟ್ಟಿದ ಶಿಶುವಿನ ಮನೆಗೆ ಆಕೆ 3, 7, 14, 21, 28 ಮತ್ತು 42ನೆಯ ದಿನಗಳಲ್ಲಿ ಭೇಟಿ ಕೊಟ್ಟು ತೂಕವನ್ನೂ ಮೈಶಾಖವನ್ನೂ ನೋಡುತ್ತಾಳೆ. ಏಳನೆಯ ದಿನದ ಭೇಟಿ ಎಷ್ಟು ಮುಖ್ಯವೆಂಬುದು ಮೇಲಿನ ಅಂಕಿಗಳಿಂದ ಸ್ಪಷ್ಟವಾಗುತ್ತದೆ.

ಕಣ್ಣು ಕಿವಿಗಳ ಪರೀಕ್ಷೆಯನ್ನೂ ಮರೆಯಬಾರದು. ಬೇಗನೆ ಹುಟ್ಟಿದ ಶಿಶುವಿನ ಕಣ್ಣಿನ ಅಕ್ಷಿಪಟಲದಲ್ಲಿ ರಕ್ತನಾಳಗಳು ಇನ್ನೂ ಬೆಳೆಯುತ್ತಿರುತ್ತವೆ. ಅವು ದಾರಿತಪ್ಪಿ ಬೆಳೆದರೆ ಕೆಲವೇ ವಾರಗಳಲ್ಲಿ ಕುರುಡು ಬರಬಹುದು. 34 ವಾರಗಳಿಗಿಂತ ಮೊದಲು ಹುಟ್ಟಿದ, ಅಥವಾ 2,000 ಗ್ರಾಮಿಗಿಂತ ಕಡಮೆ ತೂಕದ ಶಿಶುವಿನ ಕಣ್ಣನ್ನು 30 ದಿನಗಳೊಳಗೆ ಪರೀಕ್ಷಿಸಬೇಕೆಂಬುದು ನಮ್ಮ ದೇಶದ ನಿಯಮ. ಹಳ್ಳಿಗಳ ಶಿಶುಗಳಿಗಾಗಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿಣೇಕರ್ ಅವರು 2008ರಲ್ಲಿ 'ಕಿಡ್‌ರಾಪ್' ಎಂಬ ಯೋಜನೆಯನ್ನು ಆರಂಭಿಸಿದರು. ತರಬೇತಿ ಪಡೆದ ಸಹಾಯಕರು ದೂರದ ಆಸ್ಪತ್ರೆಗಳಲ್ಲಿ ಶಿಶುವಿನ ಕಣ್ಣಿನ ಚಿತ್ರ ತೆಗೆದು ಕಳುಹಿಸುತ್ತಾರೆ. ತಜ್ಞರು ಅದನ್ನು ಬೆಂಗಳೂರಿನಲ್ಲಿಯೇ ನೋಡಿ ತೀರ್ಮಾನ ಹೇಳುತ್ತಾರೆ. ತಾಯಿಯ ಮುಖವನ್ನು ಕಾಣದ, ಮಾತನ್ನು ಕೇಳದ ಕೂಸು ನಗುವುದನ್ನೂ ನುಡಿಯುವುದನ್ನೂ ಕಲಿಯುವುದು ಎಷ್ಟು ಕಷ್ಟವೆಂದು ಬೇರೆ ಹೇಳಬೇಕಾಗಿಲ್ಲ.

ಎರಡು ವಯಸ್ಸುಗಳ ಲೆಕ್ಕ

ದಿನ ತುಂಬದ ಕೂಸಿಗೆ ಎರಡು ವಯಸ್ಸುಗಳಿವೆ ಎಂದರೆ ವಾಚಕರಿಗೆ ಆಶ್ಚರ್ಯವಾದೀತು. ಜೂನ್ 15ಕ್ಕೆ ಹುಟ್ಟಬೇಕಾಗಿದ್ದ ಕೂಸು ಹತ್ತು ವಾರ ಮೊದಲೇ, ಏಪ್ರಿಲ್ 6ರಂದು ಹುಟ್ಟಿತೆನ್ನೋಣ. ಅಕ್ಟೋಬರ್ 6ಕ್ಕೆ ಅದರ ವಯಸ್ಸು ಆರು ತಿಂಗಳು. ಆದರೆ ಹುಟ್ಟಬೇಕಾಗಿದ್ದ ದಿನದಿಂದ ಎಣಿಸಿದರೆ ಮೂರು ತಿಂಗಳು ಮೂರು ವಾರ ಮಾತ್ರ. ಇದಕ್ಕೆ 'ತಿದ್ದಿದ ವಯಸ್ಸು' ಎನ್ನುತ್ತಾರೆ. ಮೆದುಳಿನ ಬೆಳವಣಿಗೆ ಬಹುಮಟ್ಟಿಗೆ ಅನುಸರಿಸುವುದು ಈ ಎರಡನೆಯ ಲೆಕ್ಕವನ್ನು. ನೆರೆಮನೆಯ ಆರು ತಿಂಗಳ ಕೂಸು ಆಸರೆ ಕೊಟ್ಟರೆ ಕುಳಿತುಕೊಳ್ಳುವಾಗ ಈ ಕೂಸು ಕತ್ತನ್ನು ಆಗತಾನೆ ನಿಲ್ಲಿಸುತ್ತಿದ್ದರೆ ಅದು ಹಿಂದುಳಿದಿದೆ ಎಂದಲ್ಲ. ತನ್ನ ಲೆಕ್ಕದಲ್ಲಿ ಸರಿಯಾಗಿಯೇ ಇದೆ. ಎರಡು ವರ್ಷ ತುಂಬುವವರೆಗೆ ವೈದ್ಯರು ತಿದ್ದಿದ ವಯಸ್ಸನ್ನೇ ಬಳಸುತ್ತಾರೆ. ಲಸಿಕೆಗಳಿಗೆ ಮಾತ್ರ ಹುಟ್ಟಿದ ದಿನದ ಲೆಕ್ಕವನ್ನೇ ಹಿಡಿಯಬೇಕು.

ಈ ಲೆಕ್ಕ ತಿಳಿಯದಿದ್ದರೆ ತಪ್ಪು ಎರಡು ಕಡೆಗೂ ಆಗಬಹುದು. ಸರಿಯಾಗಿ ಬೆಳೆಯುತ್ತಿರುವ ಕೂಸನ್ನು ಮಂದಬುದ್ಧಿಯದೆಂದು ಹಳಿಯುವುದು ಒಂದು. ತಿದ್ದಿದ ವಯಸ್ಸಿಗೂ ಹಿಂದೆ ಬಿದ್ದ ಕೂಸನ್ನು 'ದಿನ ತುಂಬದ ಕೂಸಲ್ಲವೇ, ತಾನಾಗಿಯೇ ಸರಿಹೋಗುತ್ತದೆ' ಎಂದು ಬಿಟ್ಟುಬಿಡುವುದು ಇನ್ನೊಂದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ವೈದ್ಯರ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ ಬಂದು ಮಕ್ಕಳನ್ನು ಪರೀಕ್ಷಿಸುವ ಏರ್ಪಾಡಿದೆ. ಸಂದೇಹ ಬಂದ ಮಕ್ಕಳನ್ನು ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳುಹಿಸುತ್ತಾರೆ.

ಮಾತು, ಆಟ, ಒಡನಾಟ

ಅಮೆರಿಕದಲ್ಲಿ 1985ರಲ್ಲಿ ಬೇಗನೆ ಹುಟ್ಟಿದ 985 ಶಿಶುಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿನವರಿಗೆ ಮೂರು ವರ್ಷಗಳ ಕಾಲ ವಿಶೇಷ ನೆರವು ಕೊಟ್ಟರು. ಶಿಕ್ಷಿತರಾದ ಭೇಟಿಗಾರರು ಮನೆಗೆ ಬಂದು ಕೂಸಿನೊಡನೆ ಆಡುವುದನ್ನು ತಾಯಿಗೆ ತೋರಿಸುತ್ತಿದ್ದರು; ವರ್ಷ ತುಂಬಿದ ಮೇಲೆ ಶಿಶುವಿಹಾರವೂ ಇತ್ತು. ಮೂರನೆಯ ವರ್ಷದಲ್ಲಿ ಈ ಗುಂಪಿನ ಹೆಚ್ಚು ತೂಕದ ಮಕ್ಕಳು ಬುದ್ಧಿಸೂಚ್ಯಂಕದಲ್ಲಿ ಇನ್ನೊಂದು ಗುಂಪಿನವರಿಗಿಂತ 13 ಅಂಕಗಳಷ್ಟು, ತೀರ ಕಡಮೆ ತೂಕದವರು 6ರಿಂದ 7 ಅಂಕಗಳಷ್ಟು ಮುಂದಿದ್ದರು. ಹದಿನೆಂಟನೆಯ ವಯಸ್ಸಿನಲ್ಲಿಯೂ ಮೊದಲನೆಯವರಲ್ಲಿ ಲಾಭದ ಒಂದು ಅಂಶ ಉಳಿದಿತ್ತು. ಬವೇರಿಯಾದ ಅಧ್ಯಯನದಲ್ಲಿಯೂ, ಆರನೆಯ ವಯಸ್ಸಿನಲ್ಲಿ ತಾಯಿಯಿಂದ ತಾಳ್ಮೆಯ, ಉತ್ತೇಜನದ ನಡೆಯನ್ನು ಕಂಡ ಮಕ್ಕಳು ಹದಿಮೂರನೆಯ ವಯಸ್ಸಿಗೆ ಓದಿನಲ್ಲಿ ಓರಗೆಯವರ ಸಮಕ್ಕೆ ಬಂದಿದ್ದರು. ಅಂದಮೇಲೆ ಹುಟ್ಟಿದ ಹೊತ್ತೇ ಹಣೆಯ ಬರಹವಲ್ಲ.

ಕೂಸಿನೊಡನೆ ಆಡುವುದರಲ್ಲಿ ಒಂದು ಸೂಕ್ಷ್ಮವಿದೆ. ದಿನ ತುಂಬದ ಕೂಸು ಬೇಗನೆ ದಣಿಯುತ್ತದೆ. ತಾಯಿ ಮುಖವನ್ನು ಹತ್ತಿರ ತಂದು ನಗಿಸುತ್ತಿರುವಾಗ ಅದು ಥಟ್ಟನೆ ಮುಖ ತಿರುಗಿಸಬಹುದು, ಆಕಳಿಸಬಹುದು, ಬೆರಳುಗಳನ್ನು ಅಗಲಿಸಬಹುದು. ಇದು ತಾಯಿಯ ಮೇಲಿನ ಬೇಸರವಲ್ಲ. 'ಇಷ್ಟು ಸಾಕು' ಎಂಬ ಸಂಜ್ಞೆ. ತಾಯಿ ತುಸು ಸುಮ್ಮನಿದ್ದರೆ ಕೂಸು ತಾನಾಗಿ ಮರಳಿ ನೋಡುತ್ತದೆ. ಆಗ ಮತ್ತೆ ನುಡಿಸಬೇಕು. ಕೂಸು 'ಊಂ' ಎಂದರೆ ತಾಯಿ 'ಊಂ' ಎನ್ನಬೇಕು. ಅದು ನೋಡಿದ ವಸ್ತುವಿನ ಹೆಸರು ಹೇಳಬೇಕು. ಒಬ್ಬರು ನುಡಿದು ಇನ್ನೊಬ್ಬರಿಗೆ ಎಡೆಕೊಡುವ ಈ ಸರದಿಯೇ ಮುಂದೆ ಸಂಭಾಷಣೆಯಾಗುತ್ತದೆ, ಸ್ನೇಹವಾಗುತ್ತದೆ.

ಇದಕ್ಕೆ ಹಣ ಬೇಕಾಗಿಲ್ಲ. ಜೋಗುಳ, ಒಗಟು, ಅಜ್ಜಿಯ ಕಥೆ, ಅಚ್ಚಚ್ಚು ಬೆಲ್ಲದಚ್ಚು ಆಟ ಇವೆಲ್ಲ ಯಾವ ಹಳ್ಳಿಯಲ್ಲಿಯೂ ಉಂಟು. ಕೊಪ್ಪಳದ ಸಮೀಪದ ಕಿನ್ನಾಳದಲ್ಲಿ ಚಿತ್ರಗಾರರು ತಲೆತಲಾಂತರದಿಂದ ಹಗುರವಾದ ಮರದಲ್ಲಿ ಬಣ್ಣದ ಗೊಂಬೆಗಳನ್ನು ಮಾಡುತ್ತ ಬಂದಿದ್ದಾರೆ. ಆ ಗೊಂಬೆಯ ಆನೆಯನ್ನು ತೋರಿಸಿ, ಸೆರಗಿನಲ್ಲಿ ಮರೆಮಾಡಿ, 'ಆನೆ ಎಲ್ಲಿ?' ಎಂದು ಕೇಳಿದಾಗ ಮಗು ಕಾಣದ ವಸ್ತುವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಹುಡುಕುತ್ತದೆ. ಇಂತಹ ಮಕ್ಕಳಲ್ಲಿ ದುರ್ಬಲವಾಗಿರುವ ಶಕ್ತಿ ಇದೇ ಎಂಬುದನ್ನು ಮೇಲೆ ಕಂಡೆವಷ್ಟೆ.

ಶಾಲೆಯಲ್ಲಿ

ನಮ್ಮ ರಾಜ್ಯದಲ್ಲಿ ಮಗುವನ್ನು ಶಾಲೆಗೆ ಸೇರಿಸುವಾಗ ಜೂನ್ 1ಕ್ಕೆ ತುಂಬಿದ ವಯಸ್ಸನ್ನು ನೋಡುತ್ತಾರೆ. ಮೇಲೆ ಹೇಳಿದ ಏಪ್ರಿಲ್ 6ರ ಮಗು ತನ್ನ ನಿಜವಾದ ದಿನಕ್ಕೆ ಹುಟ್ಟಿದ್ದರೆ ಮುಂದಿನ ವರ್ಷ ಶಾಲೆ ಸೇರುತ್ತಿತ್ತು. ಹತ್ತು ವಾರ ಮೊದಲು ಹುಟ್ಟಿದ್ದರಿಂದ ತರಗತಿಯಲ್ಲಿ ಎಲ್ಲರಿಗಿಂತ ಕಿರಿಯದಾಗಿ ಕುಳಿತಿದೆ. ಹಾಗೆಂದು ಒಂದು ವರ್ಷ ಮನೆಯಲ್ಲಿ ನಿಲ್ಲಿಸಿಕೊಂಡ ಮಾತ್ರಕ್ಕೆ ಪ್ರಯೋಜನವಾಗುವುದಿಲ್ಲವೆಂದು ಬವೇರಿಯಾದ ಅಧ್ಯಯನವೇ ತೋರಿಸಿದೆ. ಆ ವರ್ಷದ ಕಲಿಕೆಯೇ ಕೈತಪ್ಪುತ್ತದೆ. ಬೇಕಾದದ್ದು ತರಗತಿಯೊಳಗಿನ ಸಣ್ಣ ಅನುಕೂಲಗಳು. ಮುಂದಿನ ಸಾಲಿನಲ್ಲಿ ಸ್ಥಳ, ದೊಡ್ಡ ಲೆಕ್ಕವನ್ನು ಚಿಕ್ಕ ಹಂತಗಳಾಗಿ ಒಡೆದು ಹಲಗೆಯ ಮೇಲೆ ಬರೆಯುವುದು, ಉತ್ತರಕ್ಕೆ ತುಸು ಹೆಚ್ಚು ಹೊತ್ತು, ಆಟಕ್ಕೆ ಕರೆದುಕೊಳ್ಳುವ ಒಬ್ಬ ಗೆಳೆಯ. ಇದಕ್ಕಾಗಿ ಮಗು ಬೇಗನೆ ಹುಟ್ಟಿದ್ದೆಂಬುದನ್ನು ತಾಯಿತಂದೆಗಳು ಶಿಕ್ಷಕರಿಗೆ ತಿಳಿಸಬೇಕು. ಅದು ಮುಚ್ಚಿಡಬೇಕಾದ ಸಂಗತಿಯಲ್ಲ.

ಬೇಗನೆ ಹುಟ್ಟುವುದನ್ನೇ ತಡೆಯಲಾಗದೇ ಎಂದು ಕೇಳಬಹುದು. ಎಲ್ಲವನ್ನೂ ತಡೆಯುವಂತಿಲ್ಲ, ಕಾರಣವೇ ಗೊತ್ತಾಗದ ಪ್ರಸಂಗಗಳು ಬಹಳ. ಆದರೆ ತಾಯಿಯ ರಕ್ತಹೀನತೆ, ಸೋಂಕುಗಳು, ಏರಿದ ರಕ್ತದ ಒತ್ತಡ, ಹೆರಿಗೆಗಳ ನಡುವೆ ಅಂತರವಿಲ್ಲದಿರುವುದು, ಮೈ ಬಲಿಯದ ಹುಡುಗಿ ತಾಯಿಯಾಗುವುದು ಇವು ಗೊತ್ತಿರುವ ಕಾರಣಗಳು. 2017ರಲ್ಲಿ ರಾಜ್ಯದಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಂತೆ ಗರ್ಭಿಣಿಯರಿಗೂ ಬಾಣಂತಿಯರಿಗೂ ಬಿಸಿಯೂಟ ಕೊಡುವ ಉದ್ದೇಶ ತಾಯಿಯ ಪೋಷಣೆಯೇ. ಹದಿನೆಂಟು ತುಂಬುವ ಮೊದಲು ಮದುವೆ ಕೂಡದೆಂಬ ಕಾನೂನನ್ನು ಪಾಲಿಸುವುದು ಹುಡುಗಿಯ ಓದಿಗೆ ಮಾತ್ರವಲ್ಲ, ಮುಂದೆ ಹುಟ್ಟುವ ಕೂಸಿನ ಮೆದುಳಿಗೂ ಹಿತ.

ಈ ಲೇಖನವನ್ನು ಓದುವ ವಿದ್ಯಾರ್ಥಿಗಳಲ್ಲಿ ಕೆಲವರು ಸ್ವತಃ ದಿನ ತುಂಬದೆ ಹುಟ್ಟಿದವರಿರಬಹುದು. ಹಲವರ ಮನೆಯಲ್ಲಿ ಅಂತಹ ತಮ್ಮನೋ ತಂಗಿಯೋ ಇರಬಹುದು. ಆ ಕೂಸನ್ನು ಎತ್ತಿಕೊಳ್ಳುವುದು, ಅದರೊಡನೆ ಮಾತಾಡುವುದು, ಅದು ಮುಖ ತಿರುಗಿಸಿದರೆ ತುಸು ಕಾಯುವುದು ನಿಮ್ಮಿಂದಲೂ ಆಗುವ ಕೆಲಸ. ಅದಕ್ಕೂ ಮೊದಲು ಮನೆಯ ಹಿರಿಯರೊಡನೆ ಕುಳಿತು ಕೂಸಿನ ತಿದ್ದಿದ ವಯಸ್ಸನ್ನು ಲೆಕ್ಕಮಾಡಿ, ತಾಯಿ ಕಾರ್ಡಿನ ಹಾಳೆಯ ಮೇಲೆ ಬರೆದಿಡಿರಿ.